ಗೃಹಕಲಾವಿಚಾರ: ನೆಟ್ಟಗೆ ನಿಲ್ಲದ ಮನುಷ್ಯರು

ಕಳೆದ ತಿಂಗಳು ನಮ್ಮ ಓದುಗರಾದ ಗೃಹಸ್ಥರೊಬ್ಬರು ನಮಗೊಂದು ಕಾಗದವನ್ನು ಬರೆದು, ಅದರೊಡನೆ ತಮ್ಮ 13 ವರ್ಷದ ಮಗನು ಬರೆದ ಹತ್ತು ಹನ್ನೆರಡು ಚಿತ್ರಗಳನ್ನೂ ಕಳುಹಿಸಿಕೊಟ್ಟಿದ್ದರು. ಹುಡುಗನ ಕೈ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಮುಖಗಳಲ್ಲಿ ಕಳೆಯಿದೆ, ಕಣ್ಣುಗಳಲ್ಲಿ ಹೊಳಪಿದೆ, ಕೂದಲಿನ ಒಂದೊಂದು ಎಳೆಯನ್ನೂ ಅವನು ಬಹು ತಾಳ್ಮೆಯಿಂದ ತೀಡಿದ್ದಾನೆ. ಆದರೆ ಕುತ್ತಿಗೆಯಿಂದ ಕೆಳಕ್ಕೆ ಇಳಿದೊಡನೆಯೇ ಆ ಕೈಗೆ ಏನೋ ಮಂಕು ಕವಿದಂತಾಗುತ್ತದೆ. ತೋಳುಗಳು ಗೂಟಕ್ಕೆ ತೂಗುಹಾಕಿದ ಅಂಗಿಯ ತೋಳುಗಳಂತಿವೆ. ನಿಂತವರು ಈಗಲೋ ಆಗಲೋ ಬೀಳುವಂತಿದ್ದಾರೆ. ಕುಳಿತವರು ಮಣೆಗೆ ತಗುಲದೆ ಗಾಳಿಯಲ್ಲಿ ತೇಲುತ್ತಿದ್ದಾರೆ. ಕೈಬೆರಳುಗಳನ್ನು ಬರೆಯುವ ಕಷ್ಟವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಎಲ್ಲರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ!

“ಇವನಿಗೆ ಯಾವ ಪುಸ್ತಕವನ್ನು ತರಿಸಿಕೊಡಬೇಕು? ಶರೀರಶಾಸ್ತ್ರವನ್ನು ಓದಿಸಬೇಕೇ? ಅಥವಾ ಇದು ಹುಟ್ಟಿನಿಂದಲೇ ಬರತಕ್ಕ ವಿದ್ಯೆಯೇ? ಇವನಿಗೆ ಬರುವಂತಿಲ್ಲವೆಂದಾದರೆ ಈಗಲೇ ಬಿಡಿಸಿ ಓದಿನ ಕಡೆಗೆ ತಿರುಗಿಸುವುದು ಮೇಲೆಂದು ಮನೆಯಲ್ಲಿ ಮಾತಾಗಿದೆ” ಎಂದು ಆ ತಂದೆಯವರು ಕೇಳಿದ್ದಾರೆ. ಇಂತಹ ಪ್ರಶ್ನೆಯು ಅವರೊಬ್ಬರದೇ ಅಲ್ಲ. ಅನೇಕ ಮನೆಗಳಲ್ಲಿ ಚಿತ್ರ ಬರೆಯುವ ಮಕ್ಕಳು ಇದೇ ಹಂತದಲ್ಲಿ ನಿಂತುಹೋಗಿ, ತಮಗೆ ದೈವದತ್ತವಾದ ಶಕ್ತಿಯಿಲ್ಲವೆಂದು ತಾವೇ ನಿಶ್ಚಯಿಸಿಕೊಂಡು, ಪೆನ್ಸಿಲನ್ನು ಕೆಳಗಿಟ್ಟುಬಿಡುತ್ತಾರೆ. ಆದುದರಿಂದ ಈ ತಿಂಗಳ ಲೇಖನವನ್ನು ಈ ವಿಷಯಕ್ಕೇ ಮೀಸಲಾಗಿಟ್ಟಿದ್ದೇವೆ.

ಮೊದಲು ರೋಗದ ಮೂಲವನ್ನು ನೋಡೋಣ. ಹುಡುಗನ ಚಿತ್ರಗಳೆಲ್ಲವೂ ಮೊಬೈಲ್ ಫೋನಿನಲ್ಲಿ ಕಂಡ ಚಿತ್ರಗಳ ಪ್ರತಿಗಳೆಂದು ತಂದೆಯವರೇ ಬರೆದಿದ್ದಾರೆ. ಪ್ರತಿಮಾಡುವುದು ಪಾಪವಲ್ಲ, ಹಿಂದಿನ ಶಿಲ್ಪಿಗಳೂ ಚಿತ್ರಕಾರರೂ ಗುರುವಿನ ಕೃತಿಯನ್ನು ನೋಡಿಯೇ ಕಲಿತರು. ಆದರೆ ಚಿತ್ರವನ್ನು ನೋಡಿ ಬರೆಯುವವನು ಇನ್ನೊಬ್ಬನು ಕಂಡುಕೊಂಡುದನ್ನು ಎರವಲಾಗಿ ಪಡೆಯುತ್ತಾನೆ. ಎದುರಿಗಿದ್ದ ಮನುಷ್ಯನ ಮೈಯಲ್ಲಿ ಯಾವ ಗೆರೆ ಮುಖ್ಯ, ಯಾವುದನ್ನು ಬಿಡಬಹುದು, ತನ್ನ ಕಡೆಗೆ ಚಾಚಿದ ಕೈಯನ್ನು ಎಷ್ಟು ಕುಗ್ಗಿಸಿ ತೋರಿಸಬೇಕು ಎಂಬ ನಿರ್ಣಯಗಳನ್ನೆಲ್ಲ ಆ ಇನ್ನೊಬ್ಬನು ಆಗಲೇ ಮಾಡಿಬಿಟ್ಟಿರುತ್ತಾನೆ. ಪ್ರತಿಕಾರನಿಗೆ ಉಳಿಯುವುದು ಕೈಯ ಕೆಲಸವೇ ಹೊರತು ಕಣ್ಣಿನ ಕೆಲಸವಲ್ಲ. ಇನ್ನು ಮುಖಗಳು ಏಕೆ ಚೆನ್ನಾಗಿ ಬರುತ್ತವೆಂದರೆ, ನಾವು ಹುಟ್ಟಿದಾರಭ್ಯ ಮುಖಗಳನ್ನೇ ನೋಡುತ್ತ ಬಂದಿದ್ದೇವೆ. ಅಮ್ಮನ ಮುಖ ಬಾಡಿದೆಯೇ, ಅಪ್ಪನ ಹುಬ್ಬು ಗಂಟಿಕ್ಕಿದೆಯೇ ಎಂದು ಓದಿಕೊಂಡೇ ಮಗುವು ಬೆಳೆಯುತ್ತದೆ. ಅದೇ ಅಮ್ಮನು ಒಲೆಯ ಮುಂದೆ ನಿಂತಾಗ ಯಾವ ಕಾಲಿನ ಮೇಲೆ ಭಾರವನ್ನು ಹಾಕುತ್ತಾಳೆಂದು ಕೇಳಿದರೆ ಮನೆಯಲ್ಲಿ ಉತ್ತರ ಹೇಳುವವರು ಯಾರೂ ಇರುವುದಿಲ್ಲ.

ಈ ಮಾತನ್ನು ನಾವು ಪರೋಪದೇಶಕ್ಕಾಗಿ ಹೇಳುತ್ತಿಲ್ಲ. ಬಾಲ್ಯದಲ್ಲಿ ನಾವು ಗೋಡೆಯ ಕ್ಯಾಲೆಂಡರಿನ ಲಕ್ಷ್ಮೀ ಸರಸ್ವತಿಯರನ್ನು ನೂರಾರು ಬಾರಿ ಬರೆದು ನೆರೆಹೊರೆಯವರಿಂದ ಭೇಷ್ ಎನ್ನಿಸಿಕೊಂಡಿದ್ದೆವು. ಒಂದು ಮಧ್ಯಾಹ್ನ ನಮ್ಮ ತಾಯಿಯವರು ಈಳಿಗೆಮಣೆಯ ಮುಂದೆ ಕುಳಿತು ಬೀನ್ಸ್ ಹೆಚ್ಚುತ್ತಿದ್ದಾಗ, ಅವರನ್ನು ಬರೆಯೋಣವೆಂಬ ಬುದ್ಧಿ ಬಂದಿತು. ಅರ್ಧ ಗಂಟೆ ಹೆಣಗಿ ಬರೆದು ತೋರಿಸಿದೆವು. ಅವರು ಬಹಳ ಹೊತ್ತು ನೋಡಿ, “ಮುಖವೇನೋ ಲಕ್ಷ್ಮಿಯ ಹಾಗಿದೆ ಕಣಪ್ಪಾ, ಆದರೆ ನನ್ನ ಇನ್ನೊಂದು ಕಾಲು ಎಲ್ಲಿ ಹೋಯಿತು?” ಎಂದು ಕೇಳಿದರು. ನೋಡಿದರೆ ಮಣೆಯನ್ನು ಅದುಮಿ ಹಿಡಿದಿದ್ದ ಕಾಲನ್ನು ಬರೆದೇ ಇರಲಿಲ್ಲ! ಇದ್ದ ಒಂದು ಕಾಲೂ ಮೂಟೆಗೆ ಸಿಕ್ಕಿಸಿದ ಕೋಲಿನಂತಿತ್ತು. ಮುಖವಾದರೋ ತಾಯಿಯದಲ್ಲ, ಕ್ಯಾಲೆಂಡರಿನದು. ಪ್ರತಿದಿನವೂ ಕಣ್ಣ ಮುಂದಿದ್ದವರನ್ನು ನಾವು ಕಂಡೇ ಇರಲಿಲ್ಲವೆಂಬುದು ಆ ದಿನ ನಮಗೆ ತಿಳಿಯಿತು. ಮನುಷ್ಯಾಕೃತಿಯ ಚಿತ್ರಲೇಖನದಲ್ಲಿ ಹೇಳತಕ್ಕ ಮುಖ್ಯವಾದ ಮಾತು ಇದೊಂದೇ. ನೋಡಿದ್ದೇವೆಂದು ತಿಳಿದುಕೊಂಡುದನ್ನು ಬಿಟ್ಟು, ಎದುರಿಗಿರುವ ಮನುಷ್ಯನನ್ನು ನೋಡಬೇಕು. ಹೇಗೆ ನೋಡಬೇಕೆಂಬುದಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳುವೆವು.

ಮೊದಲನೆಯ ಮೆಟ್ಟಿಲು, ಮಾಡುವ ಕ್ರಿಯೆಯನ್ನು ಹಿಡಿಯುವುದು. ಕಲಿಯುವವನು ಸಾಮಾನ್ಯವಾಗಿ ಕಣ್ಣಿನಿಂದ ಆರಂಭಿಸಿ, ಮುಖವನ್ನು ಮುಗಿಸಿ, ಕುತ್ತಿಗೆ ಭುಜಗಳಿಗೆ ಬರುವಷ್ಟರಲ್ಲಿ ಕಾಗದವೂ ತಾಳ್ಮೆಯೂ ಎರಡೂ ಮುಗಿದಿರುತ್ತವೆ. ಇದು ಬಾಗಿಲಿನ ಕೆತ್ತನೆಯನ್ನು ಮಾಡಿಕೊಂಡು ಆಮೇಲೆ ಮನೆಯ ಪಾಯವನ್ನು ತೋಡಿದಂತೆ. ನ್ಯೂಯಾರ್ಕ್ ನಗರದ ಆರ್ಟ್ ಸ್ಟೂಡೆಂಟ್ಸ್ ಲೀಗ್ ಎಂಬ ಶಾಲೆಯಲ್ಲಿ ಬಹುಕಾಲ ಉಪಾಧ್ಯಾಯರಾಗಿದ್ದ ಕಿಮೊನ್ ನಿಕೊಲೈಡಿಸ್ ಎಂಬವರು 1938ರಲ್ಲಿ ತೀರಿಕೊಂಡರು; ಅವರ ಬೋಧನಕ್ರಮವನ್ನು ಹೇಳುವ ಪುಸ್ತಕವು 1941ರಲ್ಲಿ ಹೊರಬಂದಿತು. ವಸ್ತುವು ಹೇಗೆ ಕಾಣುತ್ತದೆಂಬುದನ್ನಲ್ಲ, ಅದು ಏನು ಮಾಡುತ್ತಿದೆಯೆಂಬುದನ್ನು ಮೊದಲು ಬರೆಯಬೇಕೆಂಬುದು ಅವರ ಬೋಧನೆಯ ಸಾರ. ಒಂದು ನಿಮಿಷ ಅಥವಾ ಅದಕ್ಕೂ ಕಡಿಮೆ ಕಾಲದಲ್ಲಿ, ಪೆನ್ಸಿಲನ್ನು ಎತ್ತದೆ, ತಲೆಯಿಂದ ಪಾದದವರೆಗೆ ಇಡೀ ದೇಹದ ಓಟವನ್ನು ಗೀಚಿಬಿಡಬೇಕು. ಕಣ್ಣು, ಮೂಗು, ಬೆರಳು ಯಾವುದೂ ಬೇಡ. ಭಾವಿಯಿಂದ ನೀರು ಸೇದುವವನಲ್ಲಿ ಕಾಣತಕ್ಕದ್ದು ಹಿಮ್ಮಡಿಯಿಂದ ಹೊರಟು ಬೆನ್ನಿನ ಮೇಲೆ ಹಾದು ಹಗ್ಗವನ್ನು ಹಿಡಿದ ಮುಷ್ಟಿಯವರೆಗೆ ಹೋಗುವ ಒಂದೇ ಬಾಗು. ಆ ಬಾಗು ಸಿಕ್ಕಿದರೆ ಸೇದುವವನು ಸಿಕ್ಕಿದನು. ಸಿಕ್ಕದಿದ್ದರೆ ಎಷ್ಟು ತೀಡಿದರೂ ಹಗ್ಗ ಹಿಡಿದ ಬೊಂಬೆಯೇ ಸರಿ.

ಇದಕ್ಕೆ ಮನೆಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ಅಜ್ಜಿಯು ಕಾಲಿನ ಹೆಬ್ಬೆರಳಿಗೆ ದಾರವನ್ನು ಸಿಕ್ಕಿಸಿಕೊಂಡು ಹೂ ಕಟ್ಟುತ್ತಾಳೆ. ತಂದೆಯು ಜಗಲಿಯ ಮೇಲೆ ಒಂದು ಮೊಣಕಾಲನ್ನೆತ್ತಿ ಕುಳಿತು ಪತ್ರಿಕೆಯನ್ನು ಓದುತ್ತಾನೆ. ಅಕ್ಕನು ಬಾಗಿ ಅಂಗಳದಲ್ಲಿ ರಂಗೋಲಿಯ ಚುಕ್ಕೆಗಳನ್ನಿಡುತ್ತಾಳೆ. ಮೊಬೈಲ್ ಫೋನನ್ನು ಹಿಡಿದು ಕುಳಿತವರಾದರೋ ಹಣ ಕೊಟ್ಟರೂ ದೊರೆಯದಷ್ಟು ಅಲುಗಾಡದೆ ಕೂಡುತ್ತಾರೆ; ಆ ಯಂತ್ರದಿಂದ ಚಿತ್ರಕಾರನಿಗೆ ಇದೊಂದು ಉಪಕಾರವಾಗಿದೆ. ಮನೆಯಲ್ಲಿ ಭರತನಾಟ್ಯವನ್ನು ಕಲಿಯುವ ಹುಡುಗಿಯಿದ್ದರೆ ಅವಳ ಅರೆಮಂಡಿಯೊಂದೇ ಒಂದು ವಾರದ ಪಾಠಕ್ಕೆ ಸಾಕು. ವಿಷ್ಣುಧರ್ಮೋತ್ತರಪುರಾಣದ ಚಿತ್ರಸೂತ್ರದಲ್ಲಿ ಮಾರ್ಕಂಡೇಯನು ವಜ್ರರಾಜನಿಗೆ ಉಪದೇಶಿಸುವಾಗ, ನೃತ್ತಶಾಸ್ತ್ರವನ್ನು ಅರಿಯದವನಿಗೆ ಚಿತ್ರವಿದ್ಯೆಯು ಸುಲಭವಾಗಿ ತಿಳಿಯದೆಂದು ಹೇಳುವುದು ಸುಮ್ಮನೆ ಅಲ್ಲ. ಇಟಲಿಯ ಲಿಯೊನಾರ್ಡೊ ದಾ ವಿಂಚಿಯೂ (1452–1519) ಚಿತ್ರಕಾರನಾಗಬೇಕೆನ್ನುವವನು ಚಿಕ್ಕ ಪುಸ್ತಕವನ್ನು ಯಾವಾಗಲೂ ಜೊತೆಯಲ್ಲಿಟ್ಟುಕೊಂಡು, ಜನರು ಮಾತನಾಡುವ, ಜಗಳವಾಡುವ, ನಗುವ ನಿಲವುಗಳನ್ನು ನಾಲ್ಕು ಗೆರೆಗಳಲ್ಲಿ ಗುರುತು ಮಾಡಿಕೊಳ್ಳಬೇಕೆಂದು ಬರೆದಿಟ್ಟಿದ್ದಾನೆ.

ಎರಡನೆಯ ಮೆಟ್ಟಿಲು, ಭಾರವನ್ನು ಕಾಣುವುದು. ಗಾರೆಯವನು ಗೋಡೆಯು ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಗುಂಡನ್ನು ಕಟ್ಟಿ ಇಳಿಬಿಡುತ್ತಾನಲ್ಲವೇ? ಚಿತ್ರಕಾರನಿಗೂ ಆ ತೂಗುಗುಂಡು ಬೇಕು. ಒಂದು ದಾರದ ತುದಿಗೆ ಬೀಗದ ಕೈಯನ್ನು ಕಟ್ಟಿ ಕಣ್ಣ ಮುಂದೆ ಹಿಡಿದರೆ ಸಾಕು. ಸುಮ್ಮನೆ ನಿಂತಿರುವ ಮನುಷ್ಯನ ಎರಡು ಕೊರಳೆಲುಬುಗಳ ನಡುವಿನ ಕುಳಿಗೆ ಆ ದಾರವನ್ನು ಸರಿಮಾಡಿ ನೋಡಿರಿ. ಎರಡು ಕಾಲುಗಳ ಮೇಲೂ ಸಮನಾಗಿ ನಿಂತಿದ್ದರೆ ಅದು ಎರಡು ಪಾದಗಳ ನಡುವೆ ಇಳಿಯುತ್ತದೆ. ಒಂದೇ ಕಾಲಿನ ಮೇಲೆ ಭಾರವನ್ನು ಹಾಕಿದ್ದರೆ ಹೆಚ್ಚುಕಡಮೆ ಆ ಕಾಲಿನ ಹರಡಿನ ಮೇಲೆ ಇಳಿಯುತ್ತದೆ. ನಮ್ಮ ಹುಡುಗನ ಚಿತ್ರದಲ್ಲಿನ ಮನುಷ್ಯರ ದಾರವು ಎರಡು ಪಾದಗಳಿಗೂ ಹೊರಗೆ ಬೀಳುತ್ತದೆ. ಅವರು ಬೀಳುವಂತೆ ಕಾಣುವುದಕ್ಕೆ ಬೇರೆ ಕಾರಣ ಬೇಡ.

ಇನ್ನು ಕನ್ನಡಿಯ ಮುಂದೆ ನಿಂತು ಭಾರವನ್ನೆಲ್ಲ ಬಲಗಾಲಿಗೆ ಹಾಕಿ ನೋಡಿಕೊಳ್ಳಿರಿ. ಬಲಗಡೆಯ ಸೊಂಟವು ಮೇಲಕ್ಕೆ ಏಳುತ್ತದೆ. ಎಡಸೊಂಟವು ಇಳಿದು ಎಡಮೊಣಕಾಲು ಸಡಿಲವಾಗಿ ಬಾಗುತ್ತದೆ. ಮೈಯನ್ನು ಸಡಿಲವಾಗಿ ಬಿಟ್ಟರೆ, ಭುಜಗಳು ಇದಕ್ಕೆ ವಿರುದ್ಧವಾಗಿ, ಬಲಗಡೆ ತಗ್ಗಿ ಎಡಗಡೆ ಏಳುತ್ತವೆ. ಹೀಗೆ ಸೊಂಟದ ಗೆರೆಯೂ ಭುಜದ ಗೆರೆಯೂ ಒಂದಕ್ಕೊಂದು ಎದುರಾಗಿ ವಾಲುವುದರಿಂದಲೇ ನಿಂತ ಮನುಷ್ಯನು ಬಿದಿರಿನ ಗಳುವಿನಂತಿರದೆ ಸಜೀವನಾಗಿ ಕಾಣುತ್ತಾನೆ. ನಮ್ಮ ಶಿಲ್ಪಿಗಳು ಸಮಭಂಗ, ಆಭಂಗ, ತ್ರಿಭಂಗ, ಅತಿಭಂಗ ಎಂದು ನಿಲವುಗಳಿಗೆ ಹೆಸರಿಟ್ಟುದೂ ಈ ಬಾಗುಗಳನ್ನು ಗಮನಿಸಿಯೇ. ಕ್ರಿ. ಶ. 1117ರಲ್ಲಿ ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರು, ಮದನಿಕೆಯರ ಆಭರಣಗಳನ್ನು ತೋರಿಸಿ ಮುಂದೆ ನಡೆದುಬಿಡುತ್ತಾರೆ. ಮುಂದಿನ ಬಾರಿ ಹೋದಾಗ ಒಬ್ಬಳ ಮುಂದೆ ನಿಂತು, “ಇವಳ ಭಾರ ಯಾವ ಪಾದದ ಮೇಲಿದೆ ಹೇಳು?” ಎಂದು ಕೇಳಿರಿ. ಮಗುವು ಉತ್ತರಕ್ಕಾಗಿ ತಾನೇ ಹಾಗೆ ನಿಂತು ನೋಡುತ್ತದೆ. ಪಾಠವು ಅಲ್ಲಿಯೇ ಮುಗಿಯಿತು.

ಹೊರೆಯೊಂದು ಸೇರಿದರೆ ಲೆಕ್ಕವು ಬದಲಾಗುತ್ತದೆ. ಬಲಗೈಯಲ್ಲಿ ತುಂಬಿದ ಕೊಡವನ್ನು ಹಿಡಿದವನು ಎಡಕ್ಕೆ ವಾಲಿ ಎಡಗೈಯನ್ನು ದೂರಕ್ಕೆ ಚಾಚುತ್ತಾನೆ. ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡವಳು ಆ ಕಡೆಯ ಸೊಂಟವನ್ನು ಹೊರಕ್ಕೆ ನೂಕಿ ಕೂಸಿಗೆ ಪೀಠವನ್ನು ಮಾಡಿಕೊಡುತ್ತಾಳೆ. ನಡೆಯುವವನ ಬಲಗಾಲು ಮುಂದಾದಾಗ ಎಡಗೈ ಮುಂದಾಗುತ್ತದೆ. ಒಂದೇ ಕಡೆಯ ಕೈಕಾಲುಗಳನ್ನು ಜೊತೆಯಾಗಿ ಮುಂದಿಟ್ಟು ನಡೆಯುವ ಮನುಷ್ಯರನ್ನು ಎಷ್ಟೋ ಮಕ್ಕಳ ಚಿತ್ರಗಳಲ್ಲಿ ಕಾಣಬಹುದು. ಹಾಗೆ ನಡೆಯುವುದು ಎಷ್ಟು ಕಷ್ಟವೆಂಬುದನ್ನು ಅವರೇ ನಡೆದು ನೋಡಲಿ.

ಮೂರನೆಯ ಮೆಟ್ಟಿಲು, ಅಳತೆ. ಪೂರ್ಣವಾಗಿ ಬೆಳೆದ ಮನುಷ್ಯನ ಎತ್ತರವು, ನೆತ್ತಿಯಿಂದ ಗಲ್ಲದವರೆಗಿನ ಅವನ ತಲೆಯ ಸುಮಾರು 7½ ಪಾಲು. ಹಸುಗೂಸಿನದು ಸುಮಾರು 4 ಪಾಲು. ಆರು ವರ್ಷದ ಮಗುವಿನದು ಹೆಚ್ಚುಕಡಮೆ 6 ಪಾಲು. ಮಕ್ಕಳನ್ನು ಬರೆಯಹೋಗಿ ಕುಳ್ಳರಾದ ಮುದುಕರನ್ನು ಬರೆದುಬಿಡುವುದಕ್ಕೆ ಕಾರಣವು ಈ ಲೆಕ್ಕವನ್ನು ತಿಳಿಯದಿರುವುದೇ. ನಿಂತ ಮನುಷ್ಯನ ಎತ್ತರದ ಅರ್ಧವು ಹೊಕ್ಕುಳಿನಲ್ಲಿ ಬರುವುದಿಲ್ಲ, ಅದಕ್ಕಿಂತ ಕೆಳಗೆ ತೊಡೆಗಳು ಕೂಡುವ ಎಡೆಯಲ್ಲಿ ಬರುತ್ತದೆ. ಕಲಿಯುವವರು ಕಾಲುಗಳನ್ನು ಗಿಡ್ಡ ಮಾಡುವುದು ಇದನ್ನು ಮರೆತು. ಇಳಿಬಿಟ್ಟ ಕೈಯ ಮೊಣಕೈ ನಡುವಿನ ಮಟ್ಟಕ್ಕೂ, ಬೆರಳ ತುದಿ ತೊಡೆಯ ಮಧ್ಯಕ್ಕೂ ಬರುತ್ತವೆ. ಕಣ್ಣುಗಳಿರುವುದು ತಲೆಯ ಮೇಲ್ಭಾಗದಲ್ಲಲ್ಲ, ಸರಿಯಾಗಿ ನಡುವೆ. ಅಂಗೈಯ ಬುಡದಿಂದ ನಡುಬೆರಳ ತುದಿಯವರೆಗಿನ ಉದ್ದವು ಗಲ್ಲದಿಂದ ಹಣೆಯ ಕೂದಲಿನವರೆಗೆ ಬರುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತವನು ಸುಮಾರು 4 ತಲೆಗಳಷ್ಟು ಎತ್ತರಕ್ಕೆ ಬರುತ್ತಾನೆ.

ಈ ಅಳತೆಗಳು ನಮ್ಮ ಜನಕ್ಕೆ ಹೊಸವಲ್ಲ. ಹೂವಾಡಗಿತ್ತಿಯು ಇಂದಿಗೂ ಮೊಳ ಹಾಕಿ ಹೂವನ್ನು ಮಾರುತ್ತಾಳೆ. ಎರಡು ಕೈಗಳನ್ನೂ ಚಾಚಿದರೆ ಆಗುವ ಮಾರು, ಅವರವರ ಎತ್ತರಕ್ಕೆ ಬಹುಮಟ್ಟಿಗೆ ಸಮ. ರೋಮಿನ ವಿಟ್ರೂವಿಯಸನು ಹೇಳಿದ ಈ ಸಂಗತಿಯನ್ನೇ ಲಿಯೊನಾರ್ಡೊ ಸುಮಾರು 1490ರಲ್ಲಿ ವೃತ್ತ ಚೌಕಗಳೊಳಗೆ ಕೈಚಾಚಿ ನಿಂತ ಪುರುಷನ ಚಿತ್ರದಲ್ಲಿ ತೋರಿಸಿದನು. ನಮ್ಮ ಶಾಸ್ತ್ರಕಾರರು ಮುಖದ ಉದ್ದವನ್ನು ಒಂದು ತಾಲವೆಂದೂ, ತಾಲಕ್ಕೆ 12 ಅಂಗುಲಗಳೆಂದೂ ಇಟ್ಟುಕೊಂಡರು. ಚಿತ್ರಸೂತ್ರದಲ್ಲಿ ಹಂಸನೆಂಬ ಉತ್ತಮ ಪುರುಷನ ಎತ್ತರವು 108 ಅಂಗುಲ. ಈ ಅಂಗುಲವು ಅಂಗಡಿಯ ಅಳತೆಪಟ್ಟಿಯ ಇಂಚಲ್ಲ, ಆಯಾ ಆಕೃತಿಯ ಮುಖದಿಂದಲೇ ಹುಟ್ಟಿದ ಅಳತೆ. ತಾಲವೆಂದರೆ ಮುಖ, ಇಡೀ ತಲೆಯಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು. ಇಲ್ಲವಾದರೆ ಎರಡು ಲೆಕ್ಕಗಳೂ ಕಲಸಿಹೋಗುತ್ತವೆ.

ಆದರೆ ಎದುರಿಗಿರುವವನು ಬಾಗಿದಾಗ, ಮಲಗಿದಾಗ, ಕಾಲನ್ನು ನಮ್ಮ ಕಡೆಗೆ ಚಾಚಿದಾಗ, ಕಂಠಪಾಠ ಮಾಡಿದ ಅಳತೆಗಳು ಕೈಕೊಡುತ್ತವೆ. ನಮ್ಮತ್ತ ಚಾಚಿದ ತೋಳು ಗೇಣುದ್ದವಾಗಿ ಕಾಣಬಹುದು. ಅದರ ತುದಿಯ ಅಂಗೈ ಮುಖಕ್ಕಿಂತ ದೊಡ್ಡದಾಗಿ ಕಾಣಬಹುದು. ಚಿತ್ರಸೂತ್ರವು ಇದನ್ನು ಕ್ಷಯವೃದ್ಧಿಯೆಂದು ಕರೆದು, ಒಂಬತ್ತು ಬಗೆಯ ಸ್ಥಾನಗಳಲ್ಲಿ ಅಂಗಗಳು ಹೇಗೆ ಕುಗ್ಗಿ ಹಿಗ್ಗುತ್ತವೆಂದು ವಿವರಿಸಿದೆ. ಇಲ್ಲಿ ನಂಬತಕ್ಕದ್ದು ಕಣ್ಣನ್ನೇ. ಕೈಯನ್ನು ಪೂರ್ತಿಯಾಗಿ ನೀಡಿ, ಒಂದು ಕಣ್ಣನ್ನು ಮುಚ್ಚಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಅದರ ಮೇಲೆ ತಲೆಯ ಉದ್ದವನ್ನು ಹೆಬ್ಬೆರಳಿನಿಂದ ಗುರುತು ಮಾಡಿಕೊಂಡು, ಉಳಿದ ಅಂಗಗಳು ಅದರ ಎಷ್ಟು ಪಾಲೆಂದು ಅಳೆಯಬೇಕು. ಕೈಯನ್ನು ಒಮ್ಮೆ ಮಡಿಸಿ ಒಮ್ಮೆ ನೀಡಿದರೆ ಅಳತೆಯು ಕೆಡುತ್ತದೆ. ಫೋಟೋವನ್ನು ನೋಡಿ ಬರೆಯುವವರಿಗೂ ಒಂದು ಎಚ್ಚರಿಕೆ: ಬಹಳ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮುಂದಿರುವ ಅಂಗವು ಮಿತಿಮೀರಿ ದೊಡ್ಡದಾಗಿರುತ್ತದೆ. ಹತ್ತು ಹೆಜ್ಜೆ ದೂರದಿಂದ ತೆಗೆದುದು ಎಷ್ಟೋ ಮೇಲು.

ನಾಲ್ಕನೆಯದು ಎಲುಬು ಮಾಂಸಗಳ ತಿಳಿವಳಿಕೆ. ತಂದೆಯವರು ಮೊದಲೇ ಕೇಳಿದ ಶರೀರಶಾಸ್ತ್ರವು ಇಲ್ಲಿ ಕಡೆಯಲ್ಲಿ ಬರುತ್ತದೆ. ವೈದ್ಯರಾದ ಆಂಡ್ರಿಯಾಸ್ ವೆಸಾಲಿಯಸರು 1543ರಲ್ಲಿ ಬಾಸೆಲ್ ಪಟ್ಟಣದಲ್ಲಿ ಅಚ್ಚುಹಾಕಿಸಿದ ಮಹಾಗ್ರಂಥದಲ್ಲಿ ಅಸ್ಥಿಪಂಜರಗಳು ಬೆಟ್ಟಗುಡ್ಡಗಳ ನಡುವೆ ನಿಂತು, ಸನಿಕೆಯ ಮೇಲೆ ಒರಗಿ, ತಲೆಬುರುಡೆಯನ್ನು ನೋಡುತ್ತ ಚಿಂತಿಸುತ್ತಿರುವ ಚಿತ್ರಗಳಿವೆ. ಎಲುಬುಗಳನ್ನು ಜೀವಂತನ ನಿಲವಿನಲ್ಲಿಟ್ಟು ತೋರಿಸಿದುದು ಚಿತ್ರಕಾರರಿಗೆ ದೊಡ್ಡ ಉಪಕಾರವಾಯಿತು. ವಯಸ್ಕನ ಮೈಯಲ್ಲಿ 206 ಎಲುಬುಗಳಿವೆ. ಅವುಗಳಲ್ಲಿ ಒಂದು ಕೈಯ ಮಣಿಕಟ್ಟು, ಅಂಗೈ, ಬೆರಳುಗಳಲ್ಲೇ 27. ಆದರೆ ಹೆಸರುಗಳನ್ನು ಬಾಯಿಪಾಠ ಮಾಡಿದವನಿಗೆ ಚಿತ್ರವು ಬರುತ್ತದೆಂದು ತಿಳಿಯಬಾರದು. ಎಲ್ಲಿ ಎಲುಬು ಚರ್ಮಕ್ಕೆ ಹತ್ತಿರವಾಗಿದೆ, ಎಲ್ಲಿ ಕೀಲು ಮಡಿಯುತ್ತದೆ ಎಂಬ ಎರಡನ್ನು ತನ್ನ ಮೈಯಲ್ಲೇ ಮುಟ್ಟಿ ತಿಳಿಯಬೇಕು.

ಮುಂಗೈಯನ್ನು ಮೇಜಿನ ಮೇಲಿಟ್ಟು ಅಂಗೈಯನ್ನು ಮೇಲೆ ಮಾಡಿರಿ. ಒಳಗಿನ ಎರಡು ಎಲುಬುಗಳು ಈಗ ಒಂದರ ಪಕ್ಕದಲ್ಲೊಂದಿವೆ. ಅಂಗೈಯನ್ನು ಕವುಚಿದರೆ ಹೆಬ್ಬೆರಳ ಕಡೆಯ ಎಲುಬು ಇನ್ನೊಂದರ ಮೇಲೆ ಹೊರಳಿ ಅಡ್ಡವಾಗುತ್ತದೆ, ಮುಂಗೈಯ ಆಕಾರವೇ ಬದಲಾಗುತ್ತದೆ. ಕೈಯನ್ನು ತಲೆಯ ಮೇಲಕ್ಕೆತ್ತಿದಾಗ ತೋಳೊಂದೇ ಏಳುವುದಿಲ್ಲ; ಕೊರಳೆಲುಬೂ ಬೆನ್ನಿನ ಹೆಗಲೆಲುಬೂ ಜೊತೆಯಲ್ಲಿ ಏಳುತ್ತವೆ. ಕಾಲಿನ ಒಳಗಡೆಯ ಹರಡು ಹೊರಗಡೆಯದಕ್ಕಿಂತ ಮೇಲಿದೆ. ಮೀನಖಂಡದಲ್ಲಾದರೋ ಹೊರಗಿನ ಉಬ್ಬು ಒಳಗಿನದಕ್ಕಿಂತ ಮೇಲಿದೆ. ಈ ಒಂದೆರಡು ಗುಟ್ಟುಗಳಿಂದ ಕೋಲಿನಂತಹ ಕಾಲು ಮನುಷ್ಯನ ಕಾಲಾಗುತ್ತದೆ.

ಮೀನಖಂಡವೆಂಬ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಬೇಕು. ಅವನೀಂದ್ರನಾಥ ಠಾಕೂರರು 1914ರಲ್ಲಿ ಭಾರತೀಯ ಚಿತ್ರಕಲೆಯ ಅಂಗರಚನೆಯನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದರು. ಅದರ ಚಿತ್ರಗಳನ್ನು ಬರೆದ ಶಿಷ್ಯರಿಬ್ಬರಲ್ಲಿ ಒಬ್ಬರು ನಂದಲಾಲ ಬಸು, ಇನ್ನೊಬ್ಬರು ಮೈಸೂರಿನಿಂದ ಕಲ್ಕತ್ತೆಗೆ ಹೋಗಿ ಕಲಿಯುತ್ತಿದ್ದ ನಮ್ಮ ಕೆ. ವೆಂಕಟಪ್ಪನವರು. ಮುಂದೆ ದೊಡ್ಡ ಕಲಾವಿದರೆಂದು ಹೆಸರಾಗಿ 1965ರಲ್ಲಿ ತೀರಿಕೊಂಡ ಅವರ ನೆನಪಿಗೆ ಬೆಂಗಳೂರಿನಲ್ಲಿ ಚಿತ್ರಶಾಲೆಯಿದೆ. ಆ ಪುಸ್ತಕದಲ್ಲಿ ಪುರುಷನ ಮುಂಡವನ್ನು ಹಸುವಿನ ಮುಖಕ್ಕೂ, ತೋಳನ್ನು ಆನೆಯ ಸೊಂಡಿಲಿಗೂ, ಮುಂಗೈಯನ್ನು ಎಳೆಬಾಳೆಯ ದಿಂಡಿಗೂ, ಮೊಣಕಾಲನ್ನು ಏಡಿಯ ಚಿಪ್ಪಿಗೂ, ಕಣಕಾಲನ್ನು ಮೊಟ್ಟೆ ತುಂಬಿದ ಮೀನಿಗೂ ಹೋಲಿಸಿದೆ. ಕನ್ನಡ ಮಾತನಾಡಿದ ಹಿರಿಯರು ಯಾವ ಪುಸ್ತಕವನ್ನೂ ನೋಡದೆ ಆ ಭಾಗಕ್ಕೆ ಮೀನಖಂಡವೆಂದೇ ಹೆಸರಿಟ್ಟಿದ್ದರಷ್ಟೆ! ಇಂತಹ ಹೋಲಿಕೆಗಳು ಅಲಂಕಾರಕ್ಕಾಗಿ ಹುಟ್ಟಿದುವಲ್ಲ. ಒಂದು ಅಂಗದ ಇಡೀ ಆಕಾರವನ್ನು ಒಂದೇ ನೋಟದಲ್ಲಿ ನೆನಪಿನಲ್ಲಿಡುವ ಉಪಾಯಗಳು. ಆದರೂ ಅವನೀಂದ್ರರು ಆರಂಭದಲ್ಲಿಯೇ, ಈ ಲಕ್ಷಣಗಳನ್ನು ಮೀರಬಾರದ ಕಟ್ಟಳೆಗಳೆಂದು ತಿಳಿಯಬೇಡಿರೆಂದು ಕಲಾವಿದರನ್ನು ಕೇಳಿಕೊಂಡಿದ್ದಾರೆ. ಅಳತೆಯೂ ಲಕ್ಷಣವೂ ಕಲಿಯುವವನಿಗೆ ಊರುಗೋಲು. ಕಾಲು ಬಲಿತ ಮೇಲೆ ಅವನು ಅದನ್ನು ಬಿಟ್ಟು ನಡೆಯಲಿ.

ಇಲ್ಲಿ ಗೃಹಸ್ಥರಿಗೆ ಒಂದು ಸಂಕೋಚ ತೋರಬಹುದು. ಮೈಯ ರಚನೆಯನ್ನು ಕಲಿಯುವುದೆಂದರೆ ಮರ್ಯಾದೆಗೆ ಹೊಂದದ ನೋಟವೆಂದು ಕೆಲವರು ಹಿಂಜರಿಯುತ್ತಾರೆ. ಕಲಾಶಾಲೆಗಳಲ್ಲಿ ಅದಕ್ಕೆ ತಕ್ಕ ಏರ್ಪಾಡೂ ಶಿಸ್ತೂ ಉಂಟು. ಮನೆಯಲ್ಲಿ ಕಲಿಯುವ ಮಕ್ಕಳಿಗೆ ತಮ್ಮದೇ ಕೈಕಾಲುಗಳು, ಕನ್ನಡಿ, ಗರಡಿಮನೆಯ ಪೈಲವಾನರು, ದೇವಾಲಯದ ಶಿಲ್ಪಗಳು ಧಾರಾಳವಾಗಿ ಸಾಕು. ಆದರೆ ಅನ್ಯರನ್ನು ಎದುರಿಗೆ ಕುಳಿತು ಬರೆಯುವಾಗ ಅವರ ಒಪ್ಪಿಗೆಯನ್ನು ಕೇಳುವುದನ್ನೂ, ಬರೆದುದನ್ನು ಅವರಿಗೆ ತೋರಿಸುವುದನ್ನೂ ಮಕ್ಕಳಿಗೆ ಮೊದಲೇ ಕಲಿಸಬೇಕು.

ಹಿರಿಯರ ಕರ್ತವ್ಯವೇನೆಂದರೆ, ಒಂದು ಮೃದುವಾದ ಪೆನ್ಸಿಲನ್ನೂ, ಒಂದು ಕಡೆ ಅಚ್ಚಾಗಿ ಮಿಕ್ಕ ಹಾಳೆಗಳನ್ನೂ ಒದಗಿಸುವುದು. ಬೆಲೆಬಾಳುವ ಪುಸ್ತಕವನ್ನು ಕೊಟ್ಟರೆ ಮಗುವು ಹಾಳೆ ಕೆಟ್ಟೀತೆಂದು ಹೆದರುತ್ತದೆ. ಈ ವಿದ್ಯೆಗೆ ಹಾಳೆಗಳನ್ನು ಕೆಡಿಸುವುದೇ ದಾರಿ. ಪ್ರತಿಯೊಂದು ಹಾಳೆಯ ಮೇಲೂ ತಾರೀಖನ್ನು ಬರೆಯಿಸಿ ತೆಗೆದಿಡಿರಿ. ಮೂರು ತಿಂಗಳ ಮೇಲೆ ಮೊದಲನೆಯದನ್ನೂ ಕಡೆಯದನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಬೇರೆ ಪ್ರಶಂಸೆ ಬೇಡ. ಎಲ್ಲಕ್ಕಿಂತ ಮಿಗಿಲಾಗಿ, ತಮ್ಮನ್ನು ಬರೆದ ಚಿತ್ರವನ್ನು ನೋಡಿ ನಗಬೇಡಿರಿ. “ನಾನು ಇಷ್ಟು ದಪ್ಪಗಿದ್ದೇನೆಯೇ?” ಎಂದು ಅತ್ತೆಯವರು ಮುನಿಸಿಕೊಂಡರೆಂಬ ಒಂದೇ ಕಾರಣದಿಂದ ಮತ್ತೆ ಕ್ಯಾಲೆಂಡರಿನ ಸುಂದರಿಯರ ಕಡೆಗೆ ತಿರುಗಿದ ಮಕ್ಕಳನ್ನು ನಾವು ಬಲ್ಲೆವು.

ಚಿತ್ರಸೂತ್ರದಲ್ಲಿ ಇನ್ನೊಂದು ಮಾತಿದೆ. ಮಲಗಿರುವವನನ್ನು ಚೈತನ್ಯವುಳ್ಳವನಾಗಿಯೂ, ಸತ್ತವನನ್ನು ಚೈತನ್ಯವಿಲ್ಲದವನಾಗಿಯೂ ತೋರಿಸಬಲ್ಲವನೇ ಚಿತ್ರವನ್ನು ಬಲ್ಲವನೆಂದು ಅದರ ತಾತ್ಪರ್ಯ. ಇಬ್ಬರಿಗೂ ಕಣ್ಣು ಮುಚ್ಚಿದೆ, ಇಬ್ಬರೂ ಅಲುಗುವುದಿಲ್ಲ. ವ್ಯತ್ಯಾಸವಿರುವುದು ಮುಖದಲ್ಲಲ್ಲ, ಕುತ್ತಿಗೆಯು ದಿಂಬಿನ ಮೇಲೆ ಒರಗಿದ ಬಗೆಯಲ್ಲಿ, ಅರ್ಧ ಮಡಿಸಿದ ಬೆರಳುಗಳಲ್ಲಿ, ಪಕ್ಕಕ್ಕೆ ಸೆಳೆದುಕೊಂಡ ಮೊಣಕಾಲಿನಲ್ಲಿ. ಮಲಗಿದ ಮಗುವನ್ನು ಬರೆಯಲು ಕುಳಿತವನಿಗೆ ಇದು ತಿಳಿಯುತ್ತದೆ. ನಮ್ಮ ಹುಡುಗನಿಗೆ ಮನೆಯಲ್ಲಿ ಚಿಕ್ಕ ತಂಗಿಯಿದ್ದಾಳೆಂದು ಕಾಗದದಲ್ಲಿದೆ. ಮಧ್ಯಾಹ್ನ ಅವಳು ಮಲಗಿದಾಗ ಅವನು ಪಕ್ಕದಲ್ಲಿ ಕುಳಿತುಕೊಳ್ಳಲಿ.

ನಮ್ಮ ತಾಯಿಯವರು ಈಗಿಲ್ಲ. ಗೋಡೆಯ ಮೇಲೆ ಅವರ ಒಂದು ಫೋಟೋ ಇದೆ; ಸ್ಟೂಡಿಯೋದವನು ಹೇಳಿದಂತೆ ಕೈಗಳನ್ನು ಮಡಿಲಲ್ಲಿಟ್ಟು, ಉಸಿರು ಬಿಗಿಹಿಡಿದು ಕುಳಿತ ಚಿತ್ರ. ಅದನ್ನು ನೋಡಿದ ಮೊಮ್ಮಕ್ಕಳು ಇವರು ಯಾರೆಂದು ಕೇಳುತ್ತಾರೆ. ಆ ಮಧ್ಯಾಹ್ನದ ತರುವಾಯ ಎರಡು ವರ್ಷಗಳ ಕಾಲ ನಾವು ಅವರನ್ನು ಒರಳಿನ ಮುಂದೆ, ತುಳಸಿಯ ಕಟ್ಟೆಯ ಬಳಿ, ಹೊಸಿಲಿನ ಮೇಲೆ ಬರೆದ ಹಾಳೆಗಳು ಒಂದು ಪೆಟ್ಟಿಗೆಯಲ್ಲಿವೆ. ಅವುಗಳಲ್ಲಿ ಒಂದರಲ್ಲಿ ಮುಖವೇ ಇಲ್ಲ. ಒಂದು ಮೊಣಕಾಲನ್ನೆತ್ತಿ, ಇನ್ನೊಂದು ಕಾಲಿನಿಂದ ಈಳಿಗೆಮಣೆಯನ್ನು ಅದುಮಿ ಕುಳಿತ ಬೆನ್ನು ಮಾತ್ರವಿದೆ. ಆರೇಳು ಗೆರೆಗಳು, ಅವುಗಳಲ್ಲೂ ಎರಡು ತಪ್ಪು. ಅದನ್ನು ಕಂಡ ಸೋದರಮಾವನವರು ಏನೂ ಹೇಳದೆ ಬಹಳ ಹೊತ್ತು ಹಿಡಿದುಕೊಂಡು, “ಅಕ್ಕ ಹೀಗೆಯೇ ಕೂಡುತ್ತಿದ್ದಳು” ಎಂದರು.

ಆದುದರಿಂದ ಕಾಗದ ಬರೆದ ಗೃಹಸ್ಥರಿಗೆ ನಮ್ಮ ಉತ್ತರ ಇಷ್ಟೇ. ಬಿಡಿಸಬೇಡಿರಿ. ಪುಸ್ತಕವನ್ನು ಈಗಲೇ ಕೊಳ್ಳಬೇಡಿರಿ. ಹುಡುಗನಿಗೆ ಬಾರದೆ ಇರುವುದು ವಿದ್ಯೆಯಲ್ಲ. ಮನೆಯವರನ್ನು ನೋಡಬೇಕೆಂದು ಅವನಿಗೆ ಇದುವರೆಗೆ ಯಾರೂ ಹೇಳಿಲ್ಲ, ಅಷ್ಟೆ. ದಿನಕ್ಕೆ ಐದರಂತೆ, ಒಂದೊಂದಕ್ಕೆ ಒಂದೇ ನಿಮಿಷದಂತೆ, ಮನೆಯಲ್ಲಿರುವವರನ್ನೇ ಬರೆಯಲಿ. ಒಂದು ತಿಂಗಳಿಗೆ ನೂರೈವತ್ತಾಗುತ್ತವೆ. ಅವುಗಳಲ್ಲಿ ತನಗೆ ಅತ್ಯಂತ ಕೆಟ್ಟದ್ದೆಂದು ತೋರಿದ ಹತ್ತನ್ನು ನಮಗೆ ಕಳುಹಿಸಲಿ. ಎಲ್ಲಿ ಭಾರ ತಪ್ಪಿದೆ, ಎಲ್ಲಿ ಕೀಲು ಜಾರಿದೆ ಎಂದು ಗುರುತು ಮಾಡಿ ಹಿಂದಿರುಗಿಸುವೆವು. ಕೈಗಳನ್ನು ಮಾತ್ರ ಇನ್ನು ಮೇಲೆ ಬೆನ್ನ ಹಿಂದೆ ಕಟ್ಟಿಸಬೇಡವೆಂದು ಅವನಿಗೆ ನಮ್ಮ ಪರವಾಗಿ ತಿಳಿಸಿರಿ.